ಓದು ಬಾರದ ಅವ್ವನಿಗೆ ಶಾಲೆಯಲ್ಲೇನು ಕೆಲಸ?

‘ನಾ ಸಾಲಿ ಕಲ್ತಿಲ್ರೀ ಮೇಡಂ, ನಂಗೇನ್ ತಿಳೀತದ? ನೀವು ಹೆಂಗ್ ಹೇಳ್ತೀರೋ ಹಂಗ.’ ಬೆಂಗಳೂರಿನ ತಲಘಟ್ಟಪುರದ ಸುತ್ತಮುತ್ತ ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಕೂತು ನೋಡಿ, ಈ ಮಾತು ಕಿವಿಗೆ ಬೀಳದೆ ಇರದು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ತಾಯಿ ಹೀಗೆ ಹೇಳಿದರೆ, ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕೆ ಹೋಗುವ ಮಂಡ್ಯ ಸೀಮೆಯ ಹೆಂಗಸು ‘ನಮ್ಗೇನ್ ಗೊತ್ತಾಯ್ತದೆ ಮಿಸ್, ಎರಡೇಟು ಹಾಕಿ ಕಲಿಸಿ’ ಅನ್ನುತ್ತಾರೆ. ಹೇಳಿ ಮುಗಿಸಿ ಸಹಿ ಪುಸ್ತಕದಲ್ಲಿ ಹೆಬ್ಬೆಟ್ಟೊತ್ತಿ ಎದ್ದು ಹೊರಡುತ್ತಾರೆ. ಓದು ಬರಹ ಬಾರದ ತಂದೆತಾಯಿಗೆ ಶಾಲೆಯಲ್ಲಿ ಮಾಡುವಂಥದ್ದೇನೂ ಇಲ್ಲ, ಮಗುವನ್ನು ಸೇರಿಸಿದ ಮೇಲೆ ಎಲ್ಲವೂ ಮೇಷ್ಟ್ರ ಪಾಲಿನದು ಎಂಬುದು ಅವರ ಗಟ್ಟಿ ನಂಬಿಕೆ.

ಶಾಲೆಗಳ ಬಗ್ಗೆ ಜನರಲ್ಲಿರುವ ತಪ್ಪು ಕಲ್ಪನೆಗಳಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಮುಖ್ಯ ಕಾರಣ, ಇದನ್ನು ನಂಬಿರುವವರು ಪೋಷಕರು ಮಾತ್ರವಲ್ಲ. ‘ಈ ಪೇರೆಂಟ್ಸ್‌ಗೆ ಹೇಳಿ ಏನು ಪ್ರಯೋಜನ, ಅವರೇ ಓದಿಲ್ಲ’ ಎನ್ನುವ ಮಾತು ಸ್ಟಾಫ್ ರೂಮಿನಲ್ಲೂ ಅಷ್ಟೇ ಸಲೀಸಾಗಿ ಬರುತ್ತದೆ. ಎರಡೂ ಕಡೆಯವರು ಒಂದೇ ಸುಳ್ಳನ್ನು ಒಪ್ಪಿಕೊಂಡಾಗ ಅದನ್ನು ಪ್ರಶ್ನಿಸುವವರೇ ಇರುವುದಿಲ್ಲ. ಮಧ್ಯದಲ್ಲಿ ಸೊರಗುವುದು ಮಗು.

ಈ ನಂಬಿಕೆಯ ಬುಡದಲ್ಲಿ ಇನ್ನೊಂದು ನಂಬಿಕೆ ಕೂತಿದೆ. ಮಗುವಿನ ಓದಿನಲ್ಲಿ ಪೋಷಕರು ಪಾಲ್ಗೊಳ್ಳುವುದೆಂದರೆ ಮನೆಯಲ್ಲಿ ಹೋಂವರ್ಕ್ ಮಾಡಿಸುವುದು, ಪಾಠ ಹೇಳಿಕೊಡುವುದು ಎಂದು. ಹಾಗಿದ್ದರೆ ಪಾಠ ಬಾರದವರಿಗೆ ಪಾಲೇ ಇಲ್ಲ ಎಂದಾಯಿತು. ಆದರೆ ಸಂಶೋಧನೆಗಳು ಹೇಳುವುದು ಬೇರೆ. ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಅವರು ನೋಡಿದ್ದು ಮಿಡ್ಲ್ ಸ್ಕೂಲಿನ ಮಕ್ಕಳನ್ನು, ಅಂದರೆ ಹೆಚ್ಚುಕಡಿಮೆ ನಮ್ಮ ಹಿರಿಯ ಪ್ರಾಥಮಿಕದ 6, 7, 8ನೇ ತರಗತಿಯವರನ್ನು. ಪೋಷಕರು ತೊಡಗಿಕೊಳ್ಳುವ ಬಗೆಗಳಲ್ಲಿ ಮಗುವಿನ ಕಲಿಕೆಯ ಜೊತೆ ಒಳ್ಳೆಯ ನಂಟು ಕಾಣದೇ ಹೋದದ್ದು ಒಂದೇ ಒಂದು: ಹೋಂವರ್ಕಿಗೆ ಸಹಾಯ ಮಾಡುವುದು! ಎಲ್ಲಕ್ಕಿಂತ ಬಲವಾದ ನಂಟು ಕಂಡದ್ದು, ಓದು ಯಾಕೆ ಬೇಕು ಎಂದು ಮಕ್ಕಳ ಜೊತೆ ಮಾತಾಡುವುದರಲ್ಲಿ, ನೀನು ಮುಂದೆ ಏನಾಗಬೇಕೆಂದಿದ್ದೀಯ ಎಂದು ಕೇಳುವುದರಲ್ಲಿ, ನಿನ್ನಿಂದ ಇದು ಆಗುತ್ತದೆ ಎಂಬ ನಿರೀಕ್ಷೆಯನ್ನು ಇಟ್ಟುಕೊಳ್ಳುವುದರಲ್ಲಿ. ವಿಲಿಯಂ ಜೇನ್ಸ್ ಎಂಬ ಇನ್ನೊಬ್ಬ ಸಂಶೋಧಕರೂ ಶಾಲೆಯ ಸಮಾರಂಭಗಳಿಗೆ ಹೋಗಿ ಬರುವುದಕ್ಕಿಂತ ಮನೆಯವರ ನಿರೀಕ್ಷೆಗೇ ಹೆಚ್ಚು ತೂಕವಿದೆ ಎಂದು ಕಂಡುಕೊಂಡಿದ್ದಾರೆ. ಚಿಕ್ಕ ತರಗತಿಯ ಮಕ್ಕಳಿಗೆ ಅಪ್ಪ ಅಮ್ಮ ಜೊತೆಗೆ ಕೂತು ಓದಿಸಿದರೆ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಆದರೆ ಅದು ಸಾಧ್ಯವಾಗದ ಮನೆಯಲ್ಲಿ ಉಳಿದದ್ದೇನೂ ಇಲ್ಲ ಎನ್ನುವುದು ಶುದ್ಧ ತಪ್ಪು. ನಿರೀಕ್ಷೆ ಇಟ್ಟುಕೊಳ್ಳಲು ಅಕ್ಷರ ಬೇಕಿಲ್ಲ.

ಮಗು ಕಲಿಯುತ್ತಿದೆಯೋ ಇಲ್ಲವೋ ಎಂದು ಕಂಡುಹಿಡಿಯಲು ಕೂಡ ಬೇಕಿಲ್ಲ. ನಂಬದಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಜೂನ್ ತಿಂಗಳ ಹಾಳೆ ಮತ್ತು ಸೆಪ್ಟೆಂಬರಿನ ಹಾಳೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಅಕ್ಷರ ಗೆರೆಯ ಮೇಲೆ ಕೂರಲು ಕಲಿತಿದೆಯೇ, ದಪ್ಪಕ್ಷರ ಸಣ್ಣಗಾಗಿದೆಯೇ, ನಡುವೆ ಎಷ್ಟು ಹಾಳೆ ಖಾಲಿ ಬಿದ್ದಿದೆ, ಕೆಂಪು ಇಂಕಿನ ಗುರುತು ಯಾವ ಹಾಳೆಯಿಂದಾಚೆಗೆ ನಿಂತುಹೋಗಿದೆ ಎಂಬುದು ಅಕ್ಷರ ಬಾರದ ಕಣ್ಣಿಗೂ ಕಾಣುತ್ತದೆ. ಕೆಂಪು ಇಂಕು ನಿಂತಿದ್ದರೆ ಕೇಳಬೇಕಾದದ್ದು ಮಗುವನ್ನಲ್ಲ, ಮೇಷ್ಟ್ರನ್ನು.

ಇನ್ನೊಂದಿದೆ, ಇದನ್ನು ಪ್ರತಿ ಮುಖ್ಯ ಶಿಕ್ಷಕರೂ ಪೋಷಕರ ಮೊದಲ ಸಭೆಯಲ್ಲೇ ಮಾಡಿ ತೋರಿಸಬೇಕು. ಮಗು ಪಾಠದ ಪುಸ್ತಕ ಹಿಡಿದು ಗಡಗಡ ಓದುತ್ತದೆ, ಅವ್ವನಿಗೆ ಹೆಮ್ಮೆಯಾಗುತ್ತದೆ. ಅದು ಓದೋ, ಉರು ಹೊಡೆದದ್ದೋ? ಹಾಳೆಯ ನಟ್ಟನಡುವೆ ಒಂದು ಕಡೆ ಬೆರಳಿಟ್ಟು ‘ಇಲ್ಲಿಂದ ಓದು’ ಎನ್ನಿ. ಓದಲು ಬರುವ ಮಗು ತಡವರಿಸಿಯಾದರೂ ಬೆರಳಿಟ್ಟಲ್ಲಿಂದ ಹೊರಡುತ್ತದೆ. ಬಾಯಿಪಾಠ ಮಾಡಿದ ಮಗು ಹಾಳೆಯ ತಲೆಗೇ ಓಡುತ್ತದೆ, ಮೊದಲಿಂದ ಶುರು ಮಾಡದೆ ಅದಕ್ಕೆ ನಡುಭಾಗ ಬರುವುದಿಲ್ಲ. ಬೆರಳಿಟ್ಟ ಅವ್ವನಿಗೆ ಆ ಸಾಲಿನಲ್ಲಿ ಏನು ಬರೆದಿದೆ ಎಂದು ಗೊತ್ತಿರಬೇಕಾಗಿಲ್ಲ. ಮಗುವಿನ ಮುಖ ನೋಡಿದರೆ ಸಾಕು. ಮೂರನೇ ತರಗತಿಯ ಮಗು ಹೀಗೆ ಸಿಕ್ಕಿಬಿದ್ದರೆ ಸರಿಪಡಿಸಲು ಬೇಕಾದಷ್ಟು ಸಮಯವಿದೆ. ಏಳನೇ ತರಗತಿಯಲ್ಲಿ ಗೊತ್ತಾದರೆ ಬಹಳ ಕಷ್ಟ.

ಇದೆಲ್ಲ ಪೋಷಕರು ಬೇಡಿ ಪಡೆಯುವ ಉಪಕಾರವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸುವುದು ಅದರಲ್ಲಿ ಒಂದು. ತಿಳಿಸುವುದು ಶಾಲೆಯ ಕೆಲಸ. ತಿಳಿದುಕೊಳ್ಳುವಷ್ಟು ಓದಿರುವುದು ಪೋಷಕರ ಕೆಲಸ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. 21ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಶಾಲೆ ನೋಡಿಕೊಳ್ಳುವ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ನೋಡುವುದು ಆ ಸಮಿತಿಯ ಕೆಲಸ. ಕರ್ನಾಟಕ ಇದಕ್ಕೂ ಮೊದಲೇ, ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ, 2001ರ ಏಪ್ರಿಲ್ 28ರ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ನಾವೆಲ್ಲ ಕರೆಯುವ ಎಸ್‌ಡಿಎಂಸಿಯನ್ನು ತಂದಿತು. ಮುಖ್ಯ ಶಿಕ್ಷಕರು ಅದರ ಸದಸ್ಯ ಕಾರ್ಯದರ್ಶಿ. ಅಧ್ಯಕ್ಷರ ಕುರ್ಚಿ ಪೋಷಕರದು. ಅದರಲ್ಲಿ ಕೂರಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿಲ್ಲ, ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಬಿಸಿಯೂಟದ ಬೇಳೆ ಬೆಂದಿದೆಯೇ, ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ನಾಲ್ಕನೇ ತರಗತಿಗೆ ಮೇಷ್ಟ್ರು ಬಂದು ಎಷ್ಟು ದಿನವಾಯಿತು ಎಂದು ನೋಡಿ ಹೇಳಲು ಯಾವ ಡಿಗ್ರಿ ಬೇಕು?

ಈಗ ಮುಖ್ಯ ಶಿಕ್ಷಕರ ಕಡೆಗೆ ತಿರುಗುತ್ತೇನೆ. ಅವರಲ್ಲೂ ಒಂದು ನಂಬಿಕೆ ಬೇರು ಬಿಟ್ಟಿದೆ: ‘ಗ್ರೂಪಿನಲ್ಲಿ ಹಾಕಿದ್ದೇವೆ, ಪೋಷಕರಿಗೆ ತಿಳಿಸಿಯಾಗಿದೆ.’ ಖಂಡಿತ ಇಲ್ಲ. ಮನೆಯಲ್ಲಿರುವ ಒಂದೇ ಫೋನು ಬೆಳಿಗ್ಗೆ ಏಳಕ್ಕೆ ಅಪ್ಪನ ಜೇಬಿನಲ್ಲಿ ಸೈಟಿಗೆ ಹೋಗುತ್ತದೆ. ಹಾಕಿದ್ದು ಇಂಗ್ಲಿಷಿನ ಪಿಡಿಎಫ್, ಇಲ್ಲವೇ ಇಲಾಖೆಯ ಸುತ್ತೋಲೆಯ ಕನ್ನಡ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ ನೋಟಿಸನ್ನು ಓದು ಬಲ್ಲವರೂ ಅರ್ಧಕ್ಕೇ ಬಿಡುತ್ತಾರೆ. ಅದೇ ಗ್ರೂಪಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್, ಆಡುಮಾತಿನಲ್ಲಿ: ‘ಬುಧವಾರ ಸಂಜೆ ಐದೂವರೆಗೆ ಬನ್ನಿ, ನಿಮ್ಮ ಮಗು ಓದುವುದನ್ನು ನಿಮ್ಮೆದುರೇ ಕೇಳಿಸುತ್ತೇವೆ.’ ಇದು ತಲುಪುತ್ತದೆ. ಸಮಯವನ್ನೂ ಗಮನಿಸಿ. ಹಗಲು ಹನ್ನೊಂದಕ್ಕೆ ಸಭೆ ಕರೆದು, ದಿನಗೂಲಿ ಕಳೆದುಕೊಳ್ಳಲಾಗದೆ ಬಾರದವರನ್ನು ‘ಆಸಕ್ತಿ ಇಲ್ಲದವರು’ ಎಂದು ಬರೆದುಕೊಳ್ಳುವುದು ಅನ್ಯಾಯ. 2021ರ ಜನವರಿಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದ ಮೇಲೆ ಈ ಭಾಗದಲ್ಲಿ ಕಟ್ಟಡಗಳು ಏಳುತ್ತಲೇ ಇವೆ. ಆ ಕಟ್ಟಡಗಳಲ್ಲಿ ದುಡಿಯುವವರ ಮಕ್ಕಳೇ ಇಲ್ಲಿನ ಸರ್ಕಾರಿ ಶಾಲೆಗಳ ಬೆಂಚುಗಳಲ್ಲಿ ಕೂತಿದ್ದಾರೆ. ಹತ್ತಿ ಬಿಡಿಸುವ ಕಾಲಕ್ಕೆ ಊರಿಗೆ ಹೋದ ಕುಟುಂಬ ಯಾವಾಗ ವಾಪಸು ಬರುತ್ತದೆ ಎಂದು ಗೊತ್ತಿರುವುದು ಅವ್ವನಿಗೆ ಮಾತ್ರ. ಕೇಳಿದರೆ ಅವಳು ಹೇಳುತ್ತಾಳೆ, ಕೇಳದಿದ್ದರೆ ಮಗುವಿನ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಾ ಹೋಗುತ್ತದೆ.

ಇನ್ನೂ ಒಂದು ಅಭ್ಯಾಸ ಬಿಡಬೇಕು. ಶಾಲೆಯಿಂದ ಕರೆ ಬಂತೆಂದರೆ ದೂರೇ ಇರುತ್ತದೆ ಎಂದು ಪೋಷಕರು ಹೆದರುವಂತೆ ಮಾಡಿದವರು ನಾವೇ, ಶಾಲೆಯವರು. ಮಗು ಮೊದಲ ಬಾರಿ ಭಾಗಾಕಾರ ತಪ್ಪಿಲ್ಲದೆ ಮಾಡಿದ ದಿನ ಯಾರೂ ಮನೆಗೆ ಫೋನ್ ಮಾಡುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಆಶಯವೇ ಮಕ್ಕಳು ಬರೆದ ಉತ್ತರಪತ್ರಿಕೆಗಳನ್ನು ಪೋಷಕರ ಕೈಗೆ ಕೊಟ್ಟು ಮಾತಾಡುವುದು. ಅದನ್ನು ಭಾಷಣ, ಹಾರ, ಫೋಟೊದಲ್ಲಿ ಮುಗಿಸಿದರೆ ಬಂದ ತಾಯಿ ಹಿಂದಿನ ಸಾಲಿನಲ್ಲಿ ಕೂತು ಟೀ ಕುಡಿದು ಹೋಗುತ್ತಾಳೆ, ಅಷ್ಟೇ.

ಖಾಸಗಿ ಶಾಲೆಗಳ ಬಾಗಿಲಲ್ಲಿ ಇದೇ ಕೀಳರಿಮೆಗೆ ಬೇರೆ ವೇಷ. ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಕೊಡಬೇಕು ಎಂದು ಆಟೊ ಓಡಿಸುವ ಅಪ್ಪ ರಾತ್ರಿಯೆಲ್ಲ ನಾಲ್ಕು ವಾಕ್ಯ ಕಂಠಪಾಠ ಮಾಡುತ್ತಾನೆ. ಸೇರಿಸಿಕೊಳ್ಳುವ ಮೊದಲು ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡವಿದೆ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂಬ ಸಲಹೆ ಈ ಇಂಟರ್‌ವ್ಯೂಗಿಂತ ಹೆಚ್ಚು ಹಾನಿ ಮಾಡಿದೆ. ಇಂಗ್ಲಿಷ್ ಬಾರದ ತಾಯಿ ಅದನ್ನು ಪಾಲಿಸಲು ಹೋಗಿ ಮಗುವಿನ ಜೊತೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಕಮ್, ಸಿಟ್, ಈಟ್ ಮೂರು ಪದದಲ್ಲಿ ದಿನ ಮುಗಿಯುತ್ತದೆ. ಕಥೆ, ಒಗಟು, ಸಂತೆಯ ಲೆಕ್ಕ, ಊರಿನ ಸುದ್ದಿ ಎಲ್ಲ ನಿಂತುಹೋಗುತ್ತದೆ. ಮಗುವಿಗೆ ಪದಸಂಪತ್ತು ಸಿಗುವುದು ತಾಯಿ ಸರಾಗವಾಗಿ ಆಡುವ ಭಾಷೆಯಲ್ಲಿ, ಅದು ಕನ್ನಡವಿರಲಿ, ತೆಲುಗು, ಉರ್ದು, ಲಂಬಾಣಿ ಯಾವುದೇ ಇರಲಿ.

ಉಳಿದ ತಪ್ಪು ಕಲ್ಪನೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಎಂದರೆ ಖಾಸಗಿ ಶಾಲೆಯ ಉಚಿತ ಸೀಟಷ್ಟೇ ಅಲ್ಲ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಸೇರಿದ ಕಾಯ್ದೆ ಅದು. ಜನನ ಪ್ರಮಾಣಪತ್ರ ಇಲ್ಲವೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಹಳೆಯ ಶಾಲೆಯ ಟಿ.ಸಿ. ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಗುಂಪಾಗಿ ನೆಲದ ಮೇಲೆ ಕೂತಿದ್ದರೆ ಬರೀ ಆಟ ಆಡಿಸುತ್ತಿದ್ದಾರೆ ಎಂದಲ್ಲ, ಒಂದೊಂದು ಕಾರ್ಡೂ ಒಂದೊಂದು ಮೆಟ್ಟಿಲು, ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿ, ಶಿಕ್ಷಕರು ತೋರಿಸುತ್ತಾರೆ. ‘ಎರಡೇಟು ಹಾಕಿ’ ಎಂದು ಪೋಷಕರೇ ಹೇಳಿದರೂ ಹೊಡೆಯುವಂತಿಲ್ಲ, 17ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿಲ್ಲ.

ನನಗೆ ಸಿಟ್ಟು ಬರುವುದು ಮುಂದಿನದಕ್ಕೆ. ಮಗುವಿನ ನೋಟ್‌ಬುಕ್ ತೆರೆದು ಒಂದು ಪ್ರಶ್ನೆ ಕೇಳಲು ‘ನಂಗೇನ್ ತಿಳೀತದ’ ಎಂದು ಹಿಂಜರಿಯುವ ಇದೇ ಮಂದಿ, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಎಂದು ಯಾರಾದರೂ ಬಂದರೆ ಸಾಲ ಮಾಡಿಯಾದರೂ ದುಡ್ಡು ಕಟ್ಟುತ್ತಾರೆ. ಓದಿದವರು ಇವರಿಗಿಂತ ಮೊದಲೇ ಕಟ್ಟಿರುತ್ತಾರೆ. ಮಿಡ್‌ಬ್ರೇನ್ ಆಕ್ಟಿವೇಶನ್ ಎಂಬ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಈ ವ್ಯಾಪಾರ ನಡೆದೇ ನಡೆಯಿತು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಗುಟ್ಟನ್ನು ಊರೂರಲ್ಲಿ ಬಯಲು ಮಾಡುತ್ತ ಬಂದರು. ಮಿಡ್‌ಬ್ರೇನ್ ಎಂದರೆ ಮಧ್ಯಮಿದುಳು, ಅದು ಯಾರೋ ಚಾಲೂ ಮಾಡಬೇಕಾದ ಯಂತ್ರವಲ್ಲ. ಅದು ಕೆಲಸ ಮಾಡದಿದ್ದರೆ ಕಣ್ಣುಗುಡ್ಡೆ ಹೊರಳುವುದೂ ಕಷ್ಟ. ಕಣ್ಣಿಗೆ ಕಟ್ಟಿದ ಪಟ್ಟಿಯ ಕೆಳಗೆ, ಮೂಗಿನ ಎರಡೂ ಪಕ್ಕದಲ್ಲಿ ಸಂದು ಉಳಿಯುತ್ತದೆ, ಮಗು ಓದುವುದು ಅಲ್ಲಿಂದ. ಮೂಗಿನ ಕೆಳಗೆ ಒಂದು ರಟ್ಟು ಅಡ್ಡ ಹಿಡಿದರೆ ಓದು ನಿಂತುಹೋಗುತ್ತದೆ. ಅಷ್ಟು ಸಣ್ಣ ಪರೀಕ್ಷೆಯನ್ನು ಹಣ ಕಟ್ಟಿದ ಅಪ್ಪ ಅಮ್ಮಂದಿರಲ್ಲಿ ಎಷ್ಟು ಮಂದಿ ಮಾಡಿದರು? ತನ್ನ ಕಣ್ಣು, ತನ್ನ ಬುದ್ಧಿಯ ಮೇಲೆ ಭರವಸೆ ಇಡಬೇಡ ಎಂದು ಶಾಲೆಯೇ ಪೋಷಕರಿಗೆ ವರ್ಷಗಟ್ಟಲೆ ಕಲಿಸಿದರೆ, ದೊಡ್ಡ ದನಿಯಲ್ಲಿ ಮಾತಾಡುವ ಮಾರಾಟಗಾರನ ಮುಂದೆ ಅವರು ಸುಮ್ಮನೆ ತಲೆಯಾಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಇಂಥ ವ್ಯಾಪಾರದ ಕರಪತ್ರಗಳನ್ನು ಶಾಲೆಯ ಗೇಟಿನಲ್ಲಿ ಹಂಚಲು ಬಿಡುವ, ‘ಡೆಮೊ ಮಾತ್ರ’ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ವೇದಿಕೆ ಕೊಡುವ ಮುಖ್ಯಸ್ಥರು ಅದನ್ನು ಇಂದೇ ನಿಲ್ಲಿಸಬೇಕು. ಆ ಹೊತ್ತನ್ನು ಪೋಷಕರಿಗೆ ಕೊಡಿ. ಮುಂದಿನ ಸಭೆಯಲ್ಲಿ ಅಧ್ಯಕ್ಷ ಭಾಷಣ, ವಂದನಾರ್ಪಣೆ ಬಿಟ್ಟು, ಪ್ರತಿ ಮಗು ತನ್ನ ಅವ್ವನ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರಲಿ, ಅವ್ವ ಬೆರಳಿಟ್ಟಲ್ಲಿಂದ ಓದಲಿ, ಶಿಕ್ಷಕರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲಿ. ಓದಲಾಗದ ಮಕ್ಕಳ ಹೆಸರನ್ನು ಅಲ್ಲೇ ಬರೆದುಕೊಂಡು, ಅವರಿಗೆ ಯಾವ ಶಿಕ್ಷಕರು, ಯಾವ ಹೊತ್ತಿನಲ್ಲಿ, ಎಷ್ಟು ವಾರ ಹೆಚ್ಚಿಗೆ ಕಲಿಸುತ್ತಾರೆ ಎಂಬುದನ್ನು ಆ ತಾಯಂದಿರ ಎದುರಲ್ಲೇ ತೀರ್ಮಾನಿಸಿ ಎಸ್‌ಡಿಎಂಸಿಯ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ.