ತೊರಪಳ್ಳಿ ಗೇಟಿನಿಂದ ಮಾನಸಗಂಗೋತ್ರಿಗೆ

ಬೆಳಗಿನ ಆರು ಗಂಟೆಗೆ ತೊರಪಳ್ಳಿ ಚೆಕ್‌ಪೋಸ್ಟಿನ ಗೇಟು ಮೇಲೇಳುತ್ತದೆ. ಕಾದು ನಿಂತ ಲಾರಿಗಳು ಒಂದೊಂದಾಗಿ ಎಂಜಿನ್ ಚಾಲೂ ಮಾಡುತ್ತವೆ. ಟೀ ಅಂಗಡಿಯವನು ಕೊನೆಯ ಲೋಟಗಳನ್ನು ತೊಳೆದು ಬೋರಲು ಹಾಕುತ್ತಾನೆ. ಗೂಡಲೂರಿನಿಂದ ಬಂದ ಮೈಸೂರು ಬಸ್ಸು ಮುದುಮಲೆ ಕಾಡನ್ನು ಹೊಕ್ಕು, ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆ, ಕೆಕ್ಕನಹಳ್ಳದಲ್ಲಿ ರಾಜ್ಯದ ಗಡಿ ದಾಟಿ, ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡು ಹಾದು ಮೈಸೂರು ಸೇರುವಾಗ ನೂರು ಕಿಲೋಮೀಟರಿನ ಆಸುಪಾಸು ಆಗಿರುತ್ತದೆ.

ಈ ಸಲ ನನ್ನ ಜೊತೆ ಅಕ್ಕನ ಮಗಳಿದ್ದಳು. ಗೂಡಲೂರಿನಲ್ಲಿ ಪ್ಲಸ್ ಟೂ ಮುಗಿಸಿದ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪೇಟೆಗೆ ಹೋದರೆ ಮಲಯಾಳ. ಮೂರು ರಾಜ್ಯ ಕೂಡುವ ಕಡೆ ಬೆಳೆದ ಮಕ್ಕಳೆಲ್ಲ ಹೀಗೇ. ಡಿಗ್ರಿಗೆ ಮೈಸೂರಿಗೆ ಸೇರಬೇಕೆಂಬುದು ಅವಳ ಆಸೆ. ಬಸ್ಸಿನಲ್ಲಿ ಒಮ್ಮೆ ಕೇಳಿದಳು: “ಅಲ್ಲಿ ನಮ್ಮಂಥವರು ಹೊರಗಿನವರಾಗಿಬಿಡ್ತೀವಾ ಮಾಮ?” ನಾನು ಉತ್ತರ ಹೇಳಲಿಲ್ಲ. ಮೈಸೂರಿನಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹೊಸದಾಗಿ ಬಂದವರಿಗೆ ವಿಶ್ವವಿದ್ಯಾನಿಲಯವನ್ನು ನಡೆಸಿಕೊಂಡೇ ತೋರಿಸುವುದು ಅವರ ಪದ್ಧತಿ. ಅವರ ಕೈಗೆ ಅವಳನ್ನು ಒಪ್ಪಿಸಿದೆ.

ನಡಿಗೆ ಶುರುವಾದದ್ದು ಮಹಾರಾಜ ಕಾಲೇಜಿನ ಮುಂದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಇದರ ಬೇರು. ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. “ಮೊದಲು ಇಲ್ಲಿ ಓದಿದವರಿಗೆ ಪದವಿ ಎಲ್ಲಿಂದ ಬರ್ತಿತ್ತು ಹೇಳಮ್ಮ?” ಎಂದರು ಮೇಷ್ಟ್ರು. ಅವಳು ತಲೆಯಾಡಿಸಿದಳು. “ನಿಮ್ಮ ಮದರಾಸಿನಿಂದ!” ನಿಜ. ಮೈಸೂರು ಸಂಸ್ಥಾನದ ಕಾಲೇಜುಗಳೆಲ್ಲ ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ ಅದು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಆಗ ಇದ್ದದ್ದು ಎರಡೇ ದೊಡ್ಡ ಕಾಲೇಜು, ಮೈಸೂರಿನಲ್ಲಿ ಇದು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು.

ಹೆಸರಾಂತ ಜೂನಿಯರ್ ಬಿ.ಎ. ಹಾಲ್ ಇರುವುದು ಈ ಕಾಲೇಜಿನಲ್ಲೇ. 1918ರಲ್ಲಿ ಮದರಾಸಿನ ಕಡೆಯಿಂದ ಬಂದ ಎಸ್. ರಾಧಾಕೃಷ್ಣನ್ ಇಲ್ಲಿ ಮೂರು ವರ್ಷ ತತ್ತ್ವಶಾಸ್ತ್ರ ಕಲಿಸಿದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟು ನಿಂತಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ, ಕುದುರೆಗಳ ಬದಲು ತಾವೇ ನೊಗ ಹಿಡಿದು ರೈಲು ನಿಲ್ದಾಣದವರೆಗೆ ಎಳೆದರು. ಮದರಾಸಿನಲ್ಲಿ ಹುಟ್ಟಿದ ಆರ್.ಕೆ. ನಾರಾಯಣ್ ಬಿ.ಎ. ಮುಗಿಸಿದ್ದು ಇಲ್ಲಿಯೇ, 1930ರಲ್ಲಿ. ಐದು ವರ್ಷಕ್ಕೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ಅದೇ 1935ರಲ್ಲಿ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಆಮೇಲೆ ಇಡೀ ದೇಶವೇ ತನ್ನದಾಗಿಸಿಕೊಂಡಿತು.

ಇಲ್ಲಿಂದ ಮರಗಳ ನೆರಳಿನ ಕೃಷ್ಣರಾಜ ಬುಲೆವಾರ್ಡ್ ಹಿಡಿದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಸಿಗುತ್ತದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ ಕಟ್ಟಿದ ಕಟ್ಟಡ. 1891ರಲ್ಲಿ ಇಲ್ಲಿ ಹಸ್ತಪ್ರತಿಗಳ ಭಂಡಾರ ಶುರುವಾಯಿತು. 1905ರ ಸುಮಾರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟು ತಂದು ಕೊಟ್ಟರು. ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿದರು. ಶತಮಾನಗಳಿಂದ ಹೆಸರಷ್ಟೇ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು! 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಹೊರತಂದರು. ಪ್ರಾಚೀನ ಭಾರತದಲ್ಲಿ ರಾಜ್ಯಶಾಸ್ತ್ರದ ಚಿಂತನೆಯೇ ಇರಲಿಲ್ಲ ಎನ್ನುತ್ತಿದ್ದವರು ಮಾತು ಬದಲಿಸಬೇಕಾಯಿತು.

ಮೆಟ್ಟಿಲ ಮೇಲೆ ಕೂತು ಮೇಷ್ಟ್ರು ಮೊಬೈಲಿನಲ್ಲಿ ಗ್ರಂಥ ಲಿಪಿಯ ಓಲೆಯೊಂದರ ಚಿತ್ರ ತೋರಿಸಿದರು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀರಿ ಬರೆಯುತ್ತಾರೆ. ಬರೆದಾಗ ಅಕ್ಷರ ಕಾಣುವುದೇ ಇಲ್ಲ. ಮೇಲೆ ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಉಳಿದ ಕಪ್ಪೇ ಅಕ್ಷರವಾಗಿ ಎದ್ದು ಬರುತ್ತದೆ. ಹುಡುಗಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. “ಸರ್, ಇದು ನಮ್ಮ ಪೇಟೆ ಅಂಗಡಿಯ ಮಲಯಾಳ ಬೋರ್ಡಿನ ಥರ ಇದೆ. ಇಲ್ಲೊಂದು ಅಕ್ಷರ ತಮಿಳಿನ ಥರ.” ಮೇಷ್ಟ್ರ ಮುಖ ಅರಳಿತು. ಸಂಸ್ಕೃತ ಬರೆಯಲು ತಮಿಳು ನಾಡಿನಲ್ಲಿ ಬಳಸುತ್ತಿದ್ದ ಲಿಪಿ ಗ್ರಂಥ. ಮಲಯಾಳದ ಅಕ್ಷರಗಳು ಬೆಳೆದದ್ದು ಅದರಿಂದಲೇ. “ಬರೆದದ್ದು ಅಲ್ಲಿ, ಓದಿದ್ದು ಇಲ್ಲಿ. ನೀನೂ ಹಾಗೇ ಬರ್ತಿದೀಯಲ್ಲಮ್ಮ,” ಎಂದರು.

ಮುಂದೆ ನಡೆದರೆ ಕ್ರಾಫರ್ಡ್ ಹಾಲ್, ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ. ಅಂಕಪಟ್ಟಿ, ಪ್ರಮಾಣಪತ್ರ ಎಂದು ಕೈಯಲ್ಲಿ ಫೈಲು ಹಿಡಿದ ವಿದ್ಯಾರ್ಥಿಗಳು ಓಡಾಡುತ್ತಲೇ ಇರುತ್ತಾರೆ. ಅದರ ಎದುರಿಗೆ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿಯವರು ಕಟ್ಟಿಸಿದ ಈ ಕೆರೆಯ ಏರಿಯ ಮೇಲೆ ಮೈಸೂರಿಗರು ಬೆಳಿಗ್ಗೆ ಸಂಜೆ ನಡೆಯುತ್ತಾರೆ. ನೀರಿನ ನಡುವೆ ಹೆಜ್ಜಾರ್ಲೆಗಳು ತೇಲುತ್ತವೆ. ಇಲ್ಲಿ ನಿತ್ಯ ನಡೆಯುತ್ತಿದ್ದವರಲ್ಲಿ ಕುವೆಂಪು ಒಬ್ಬರು.  ಮಲೆನಾಡಿನ ಕುಪ್ಪಳಿಯಿಂದ ಓದಲು ಬಂದ ಹುಡುಗ ಮಹಾರಾಜ ಕಾಲೇಜಿನಲ್ಲಿ ಕಲಿತು, ಅಲ್ಲೇ ಕಲಿಸಿ, ಅಲ್ಲೇ ಪ್ರಾಂಶುಪಾಲರಾಗಿ, 1956ರಿಂದ 1960ರವರೆಗೆ ಕುಲಪತಿಯಾದರು. ಈ ವಿಶ್ವವಿದ್ಯಾನಿಲಯದಲ್ಲೇ ಓದಿ ಕುಲಪತಿಯಾದವರಲ್ಲಿ ಅವರೇ ಮೊದಲಿಗರು.

ಕೆರೆಯಾಚೆಯ ವಿಶಾಲ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಹಿಮಾಲಯದಲ್ಲಿ ಗಂಗೆ ಹುಟ್ಟುವ ಜಾಗ ಗಂಗೋತ್ರಿ. ಮನಸ್ಸಿನ ಗಂಗೆ ಹುಟ್ಟುವುದು ಇಲ್ಲಿ. ಈ ಆವರಣದ ಜಯಲಕ್ಷ್ಮಿ ವಿಲಾಸ 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಮಹಲು. 1960ರ ದಶಕದ ಕೊನೆಯಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ವಿದ್ವಾಂಸರು ಹಳ್ಳಿಹಳ್ಳಿ ಅಲೆದು ಕೂಡಿಟ್ಟ ತೊಗಲುಗೊಂಬೆ, ದೊಡ್ಡ ಕಣ್ಣಿನ ಸೋಮನ ಮುಖ, ಬೇಸಾಯದ ಸಲಕರಣೆ, ಅಡುಗೆಮನೆಯ ಸಾಮಾನು ಅರಮನೆಯೊಳಗೆ ಜಾಗ ಪಡೆದವು. ನೂರು ವರ್ಷ ದಾಟಿದ ಇಂಥ ಕಟ್ಟಡಗಳಿಗೆ ಮಳೆ ಗಾಳಿಯೇ ಶತ್ರು. ಇವನ್ನು ಉಳಿಸಿಕೊಳ್ಳಲು ಖರ್ಚಾಗುವ ಒಂದೊಂದು ರೂಪಾಯಿಯೂ ಸಾರ್ಥಕ ಎಂದೇ ನನ್ನ ನಂಬಿಕೆ. ನಮ್ಮಜ್ಜಿ ರಾಗಿ ಬೀಸುತ್ತಿದ್ದ ಕಲ್ಲಿನಂಥದ್ದೂ ಕೌಟಿಲ್ಯನ ಓಲೆಯೂ ಒಂದೇ ವಿಶ್ವವಿದ್ಯಾನಿಲಯದ ಆಸ್ತಿ ಎಂಬುದು ಸಣ್ಣ ಮಾತಲ್ಲ.

ಮರದ ಕೆಳಗೆ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿನ್ನುವಾಗ ಹುಡುಗಿ ಕೇಳಿದ್ದು ಹೊರಗಿನವರ ಮಾತನ್ನಲ್ಲ. “ಸರ್, ಆ ಗ್ರಂಥ ಲಿಪಿ ಕಲಿಯೋಕೆ ಎಷ್ಟು ದಿನ ಬೇಕು?”

ಹೋಗುವ ಮುನ್ನ: ಮೈಸೂರಿನಲ್ಲಿ ಬಸ್ಸಿಳಿದು ಮಹಾರಾಜ ಕಾಲೇಜಿಗೆ ಆಟೋ ಹಿಡಿಯಿರಿ. ಅಲ್ಲಿಂದ ಮುಂದೆ ವಾಹನ ಬೇಡ. ನಿಧಾನವಾಗಿ ನೋಡುತ್ತ ನಡೆದರೆ ಅರ್ಧ ದಿನ ಹಿಡಿಯುತ್ತದೆ. ಕೆರೆಯ ಏರಿಗೆ ಬೆಳಗಿನ ಹೊತ್ತು ಚೆನ್ನ. ಸಂಶೋಧನಾಲಯ ಮತ್ತು ವಸ್ತುಸಂಗ್ರಹಾಲಯದ ಒಳಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಓದುವ ಜಾಗಗಳಿವು, ತರಗತಿ ನಡೆಯುವಾಗ ಗದ್ದಲ ಬೇಡ. ನಮ್ಮ ಕಡೆಯವರು ಇನ್ನೊಂದು ನೆನಪಿಡಬೇಕು: ರಾತ್ರಿ ಒಂಬತ್ತಕ್ಕೆ ಕಾಡಿನ ದಾರಿ ಮುಚ್ಚುತ್ತದೆ. ಸಂಜೆ ಐದರೊಳಗೆ ಮೈಸೂರು ಬಿಟ್ಟರೆ ಆತುರವಿಲ್ಲದೆ ತೊರಪಳ್ಳಿ ಸೇರಬಹುದು. ಬೆಳಿಗ್ಗೆ ಆರಕ್ಕೆ ಗೇಟು ಮತ್ತೆ ತೆರೆಯುತ್ತದೆ.