ವಾಯುವಿಳಂಗ ಒಂದಲ್ಲ, ಎರಡು!

ಪ್ರಿಮ್‌ರೋಸ್ ಅಂದ್ರೆ ನಮಗೆಲ್ಲ ಹಿಮಾಲಯದ ಹೂವೇ ನೆನಪಾಗೋದು. ಆದರೆ ಗ್ರಂಧಿಗೆ ಅಂಗಡಿಯಲ್ಲಿ ಜಂತುಹುಳಕ್ಕೆ ಕೊಡುವ ವಾಯುವಿಳಂಗವನ್ನೂ 2009ರ ಎಪಿಜಿ ವರ್ಗೀಕರಣ ಅದೇ ಪ್ರಿಮ್ಯುಲೇಸಿ ಕುಟುಂಬಕ್ಕೆ ಸೇರಿಸಿತು. ನೋಡಲು ಕಾಳುಮೆಣಸಿನ ತಮ್ಮನ ಹಾಗಿರುತ್ತೆ.

ಈ ಹೆಸರಲ್ಲಿ ಎರಡು ಗಿಡಗಳ ಕಾಯಿ ಮಾರಾಟವಾಗುತ್ತವೆ. ಆಯುರ್ವೇದ ಒಪ್ಪುವುದು ಎಂಬೆಲಿಯಾ ರೈಬ್ಸ್. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಕ್ಕೆ ಹಬ್ಬುವ ದಪ್ಪ ಬಳ್ಳಿ, ಹೂಗೊಂಚಲು ಕೊಂಬೆಯ ತುದಿಗೆ. ಇನ್ನೊಂದು ಎಂಬೆಲಿಯಾ ಚೆರಿಯಂ-ಕೊಟ್ಟಂ. ಇದು ಪೊದೆ ಅಥವಾ ಸಣ್ಣ ಮರ, ಎಲೆಯುದುರುವ ಕಾಡಿನಲ್ಲೂ ಬೆಳೆಯುತ್ತೆ, ಗೊಂಚಲು ಎಲೆಯ ಕಂಕುಳಲ್ಲಿ. ಒಣಗಿದ ಕಾಯಿ ಚೀಲ ಸೇರಿದ ಮೇಲೆ ಈ ಗುರುತು ಯಾವುದೂ ಉಳಿಯಲ್ಲ. ಎಂಬೆಲಿನ್ ಎಂಬ ಕಿತ್ತಳೆ ಬಣ್ಣದ ರಾಸಾಯನಿಕ ಎರಡರಲ್ಲೂ ಇದೆ, ಹಾಗಾಗಿ ಅದೊಂದನ್ನೇ ಅಳೆದರೂ ಉಪಯೋಗವಿಲ್ಲ.

ಬಳ್ಳಿಯ ಪಾಡು ಹೆಚ್ಚು ಕಷ್ಟದ್ದು. ಬೀಜ ಸುಲಭವಾಗಿ ಮೊಳೆಯಲ್ಲ, ಕಾಯಿಗಾಗಿ ಬಳ್ಳಿಯನ್ನೇ ಕಡಿಯುವುದೂ ಉಂಟು. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿ ಇದನ್ನು ತನ್ನ 32 ಆದ್ಯತೆಯ ಗಿಡಗಳಲ್ಲಿ ಸೇರಿಸಿದೆ. ಪೊದೆ ಹೆಚ್ಚು ಕಡೆ ಸಿಗುತ್ತೆ, ಆದರೆ ಅದನ್ನೂ ಕೀಳೋದು ಕಾಡಿನಿಂದಲೇ. ಪೊದೆಯ ಕಾಯಿ ಬರ್ತಾ ಇರುವವರೆಗೂ ಬಳ್ಳಿ ಕಡಿಮೆಯಾಗಿದ್ದು ಅಂಗಡಿಯವರಿಗೂ ಗೊತ್ತಾಗಲ್ಲ, ನಮಗೂ ಇಲ್ಲ.

ಇಂಥ ಔಷಧಿ ಗಿಡಗಳ ಒಣಮಾದರಿ ಸಂಗ್ರಹ ನಮ್ಮ ಯಲಹಂಕದ ಪಕ್ಕ, ಜಾರಕಬಂಡೆ ಕಾವಲಿನ ಎಫ್‌ಆರ್‌ಎಲ್‌ಎಚ್‌ಟಿಯಲ್ಲೇ ಇದೆ. 1993ರಲ್ಲಿ ಶುರುವಾದ ಸಂಸ್ಥೆ ಅದು.