ಮೊದಲ ಲೋಟ ಯಾರ ಕೈಯಿಂದ?

ಕಳೆದ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದ ಮನೆಯೊಂದರಲ್ಲಿ ಮದುವೆಯ ಮುನ್ನಾದಿನದ ರೋಸ್ ನಡೆದಿತ್ತು. ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮುಗಿದು ಹಾಡು, ಊಟಗಳ ಸಂಭ್ರಮ ಆರಂಭವಾಗಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದ ಹುಡುಗನೊಬ್ಬನ ಕೈಗೆ ಆತನ ಸೋದರಮಾವನೇ ಬಿಯರಿನ ಲೋಟವನ್ನಿತ್ತು, ‘ಇನ್ನು ನೀನೂ ಗಂಡಸಾದೆ’ ಎಂದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾವೂ ಅಲ್ಲಿದ್ದೆವು, ಮುಗುಳ್ನಕ್ಕು ಸುಮ್ಮನಾದೆವು.

ಎರಡು ಗಂಟೆಗಳ ತರುವಾಯ ಆ ಹುಡುಗ ಒಳಕೋಣೆಯ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ಕೂಗಿದರೆ ಎಚ್ಚರವಿಲ್ಲ. ‘ಮಲಗಿದರೆ ಇಳಿಯುತ್ತದೆ’ ಎಂದರೊಬ್ಬರು. ‘ತಣ್ಣೀರು ಸುರಿಯಿರಿ’ ಎಂದರು ಇನ್ನೊಬ್ಬರು. ಅದೃಷ್ಟವಶಾತ್, ಆಸ್ಪತ್ರೆಯಲ್ಲಿ ದಾದಿಯಾಗಿರುವ ಬಂಧುವೊಬ್ಬರು ಒಳಗೆ ಬಂದರು. ಹುಡುಗನನ್ನು ಪಕ್ಕಕ್ಕೆ ಹೊರಳಿಸಿ, ಬಾಯಲ್ಲಿದ್ದ ವಾಂತಿಯನ್ನು ತೆಗೆದು, 108ಕ್ಕೆ ಕರೆಮಾಡಿಸಿದರು. ಹುಡುಗ ಬದುಕಿಕೊಂಡ. ನಮ್ಮ ಆ ಮುಗುಳ್ನಗೆ ಮಾತ್ರ ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

‘ಬರೀ ಬಿಯರ್ ತಾನೆ’ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆದರೆ ಶೇಕಡಾ 5ರಷ್ಟು ಮದ್ಯಸಾರವಿರುವ 650 ಮಿಲಿಲೀಟರಿನ ಒಂದು ಬಾಟಲಿ ಬಿಯರಿನಲ್ಲಿ, 30 ಮಿಲಿಲೀಟರಿನ ಸುಮಾರು ಎರಡೂವರೆ ಪೆಗ್ ವಿಸ್ಕಿಯಷ್ಟು ಮದ್ಯಸಾರವಿದೆ. ಶೇಕಡಾ 8ರ ‘ಸ್ಟ್ರಾಂಗ್’ ಬಿಯರಿನಲ್ಲಿ ಸುಮಾರು ನಾಲ್ಕು ಪೆಗ್ಗಿನಷ್ಟು. ಒಂದು ಪೆಗ್ಗಿನ ಮದ್ಯಸಾರವನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಕಾಫಿಯಾಗಲಿ ತಣ್ಣೀರಾಗಲಿ ಅದನ್ನು ತ್ವರೆಗೊಳಿಸಲಾರವು. ಕುಡಿದವನು ನಿದ್ದೆಹೋದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಉಸಿರು ನಿಧಾನವಾಗುತ್ತದೆ, ವಾಂತಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣವೇ ಹೋಗಬಹುದು.

ಮನುಷ್ಯನ ಮಿದುಳು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಕೊನೆಯದಾಗಿ ಬಲಿಯುವುದು ಹಿಂದುಮುಂದು ಯೋಚಿಸಿ ‘ಸಾಕು’ ಎಂದು ಹೇಳುವ ಹಣೆಯ ಹಿಂದಿನ ಭಾಗ. ಮದ್ಯವು ಮಂಕುಗೊಳಿಸುವುದೂ ಆ ವಿವೇಕವನ್ನೇ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹದಿನೈದಕ್ಕೆ ಮೊದಲೇ ಕುಡಿಯತೊಡಗಿದವರಲ್ಲಿ ಸುಮಾರು ಶೇಕಡಾ 40 ಮಂದಿ ಮದ್ಯವ್ಯಸನಕ್ಕೆ ಸಿಲುಕಿದ್ದರು. ಇಪ್ಪತ್ತರ ನಂತರ ಆರಂಭಿಸಿದವರಲ್ಲಿ ಈ ಪ್ರಮಾಣ ಶೇಕಡಾ 10ರಷ್ಟು.

ಕಾನೂನು ಸಹ ಈ ವಿಷಯದಲ್ಲಿ ಕಠಿಣವಾಗಿದೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ ಹದಿನೆಂಟು ತುಂಬದವರಿಗೆ ಮದ್ಯ ಕೊಡುವುದು ಏಳು ವರ್ಷಗಳವರೆಗಿನ ಕಠಿಣ ಸಜೆಗೆ ಗುರಿಮಾಡಬಲ್ಲ ಅಪರಾಧ. ಕೊಟ್ಟವರು ಅಂಗಡಿಯವರಲ್ಲ, ಸ್ವಂತ ಮಾವ ಎಂಬುದರಿಂದ ಅದು ಅಪರಾಧವಲ್ಲದೆ ಹೋಗದು.

‘ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸವಿರಲಿಲ್ಲವೇ, ಫಾದರ್?’ ಎಂದು ಕೇಳುವವರುಂಟು. ಇತ್ತು, ನಾವು ಅಲ್ಲಗಳೆಯುವುದಿಲ್ಲ. ಆದರೆ ವಸ್ತು ಒಳ್ಳೆಯದು ಎಂದ ಮಾತ್ರಕ್ಕೆ ಅದು ಎಲ್ಲರಿಗೂ, ಎಲ್ಲ ವಯಸ್ಸಿನಲ್ಲೂ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಪಾನಸಂಯಮವು ಯಾರಿಗೆ ಹೆಚ್ಚು ಅಗತ್ಯವೆಂಬ ಪ್ರಶ್ನೆಯನ್ನು ಸಂತ ಥಾಮಸ್ ಅಕ್ವಿನಾಸರು ವಿವೇಚಿಸಿದ್ದಾರೆ. ಆಸೆ ಪ್ರಬಲವಾಗಿರುವ ಕಾರಣ ಯುವಜನರನ್ನು ಅವರು ಹೆಸರಿಸುತ್ತಾರೆ. ಅಲ್ಲಿಗೇ ನಿಲ್ಲದೆ, ಇತರರಿಗೆ ಬುದ್ಧಿಹೇಳಬೇಕಾದ ಹಿರಿಯರನ್ನೂ, ಧರ್ಮಸಭೆಯ ಸೇವಕರನ್ನೂ ಸೇರಿಸುತ್ತಾರೆ. ಬೆರಳು ಕೊನೆಗೆ ನಮ್ಮತ್ತಲೇ ತಿರುಗುತ್ತದೆ.

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಸಮಾರಂಭದಲ್ಲಿ ಮಕ್ಕಳ ಕೈಯಿಂದ ಮದ್ಯ ಬಡಿಸದಿರೋಣ. ಶುಭ ಹಾರೈಸಲು ಅವರಿಗೆ ಹಣ್ಣಿನ ರಸ ಸಾಕು. ಬೈಕಿನ ಕೀಲಿಕೈ ಹಿರಿಯರಲ್ಲೇ ಇರಲಿ. ಯಾರಾದರೂ ಎಚ್ಚರತಪ್ಪಿದರೆ ಪಕ್ಕಕ್ಕೆ ಮಲಗಿಸಿ, ಒಂಟಿಯಾಗಿ ಬಿಡದೆ, ನಾಚಿಕೆ ಬದಿಗಿಟ್ಟು 108ಕ್ಕೆ ಕರೆಮಾಡೋಣ. ಮಗ ಕುಡಿತಕ್ಕೆ ಸಿಲುಕುತ್ತಿರುವನೆಂಬ ಅನುಮಾನ ಬಂದರೆ ಹೊಡೆಯುವ ಮೊದಲು ಮಾತನಾಡೋಣ. ಸಲಹೆಗೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ.

ಆ ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. ಭಾನುವಾರದ ಪೂಜೆಯ ನಂತರ ನಮ್ಮನ್ನು ಕಂಡು ನಾಚಿ ತಲೆತಗ್ಗಿಸುತ್ತಾನೆ. ತಲೆತಗ್ಗಿಸಬೇಕಾದವನು ಅವನಲ್ಲ. ಮುಂದಿನ ರೋಸ್‌ನಲ್ಲಿ ಅಂಥ ಲೋಟವೊಂದು ನಮ್ಮ ಕಣ್ಣಿಗೆ ಬಿದ್ದರೆ, ನಾವು ಎದ್ದುಹೋಗಿ ಅದನ್ನು ತೆಗೆದಿಡುತ್ತೇವೆ.